ಉಂಡ ಕಬ್ಬಿಣ ಮೈಗೆ ಹತ್ತುವ ಬಗೆ

ಶರಣರು ಕಾಯಕಕ್ಕೆ ಎಷ್ಟು ಹಿರಿದಾದ ಸ್ಥಾನವನ್ನು ಕೊಟ್ಟರೋ ದಾಸೋಹಕ್ಕೂ ಅಷ್ಟೇ ಹಿರಿದಾದ ಸ್ಥಾನವನ್ನು ಕೊಟ್ಟರು. ದುಡಿಯುವ ಮೈಗೆ ಅನ್ನ ಬೇಕು. ಅನ್ನವುಂಡ ಮೈ ದುಡಿಯಬೇಕು. ನಮ್ಮ ನಾಡಿನ ಮಠಗಳು ಶಾಲೆಯ ಪಕ್ಕದಲ್ಲಿಯೇ ಪ್ರಸಾದನಿಲಯವನ್ನು ಕಟ್ಟಿದುದು ಈ ತಿಳಿವಿನಿಂದಲೇ. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂಬುದನ್ನು ಅವು ಬಹು ಹಿಂದೆಯೇ ಅರಿತಿದ್ದವು. ೨೦೦೨ರಲ್ಲಿ ರಾಜ್ಯ ಸರ್ಕಾರವು ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕೆ 'ಅಕ್ಷರ ದಾಸೋಹ'ವೆಂಬ ಹೆಸರನ್ನೇ ಆರಿಸಿಕೊಂಡುದು ಆ ಪರಂಪರೆಗೆ ಸಂದ ಗೌರವವೆನ್ನಬಹುದು.

ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಗು ಸೊರಗಿದುದನ್ನು ಕಂಡಾಗ "ಉಂಡದ್ದು ಮೈಗೆ ಹತ್ತಲಿಲ್ಲ" ಎಂದು ನಮ್ಮ ಹಿರಿಯ ಹೆಂಗಸರು ಆಡುವ ಮಾತುಂಟು. ಆಹಾರದ ಇತರ ಅಂಶಗಳಿಗಿಂತ ಕಬ್ಬಿಣದ ವಿಷಯದಲ್ಲಿ ಈ ಮಾತು ಹೆಚ್ಚು ನಿಜ. ಅನ್ನದಲ್ಲಿರುವ ಪಿಷ್ಟವು ಬಹುಮಟ್ಟಿಗೆ ಪೂರ್ಣವಾಗಿಯೇ ಜೀರ್ಣವಾಗಿ ದೇಹಕ್ಕೆ ಸೇರುತ್ತದೆ. ಆದರೆ ರೊಟ್ಟಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಐದೋ ಎಂಟೋ ಪಾಲು ಮಾತ್ರ ರಕ್ತಕ್ಕೆ ಸೇರಿ, ಉಳಿದುದು ಬಂದ ದಾರಿಯಲ್ಲಿಯೇ ಹೊರಟುಹೋಗುತ್ತದೆ. ಈ ಅಲ್ಪ ಪಾಲನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ. ಇದಕ್ಕೆ ಹಣದ ವೆಚ್ಚ ಅತ್ಯಲ್ಪ; ಬೇಕಾದುದು ತಿಳಿವಳಿಕೆ.

ರಕ್ತದಲ್ಲಿ ಕಬ್ಬಿಣದ ಕಾಯಕ

ರಕ್ತದಲ್ಲಿ ಕಬ್ಬಿಣವಿದೆಯೆಂಬುದು ಹೊಸ ಸಂಗತಿಯಲ್ಲ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ವಿನ್ಸೆಂಜೊ ಮೆಂಗಿನಿ ಎಂಬ ವೈದ್ಯನು ರಕ್ತವನ್ನು ಸುಟ್ಟು ಬೂದಿ ಮಾಡಿ, ಆ ಬೂದಿಯ ಕಣಗಳನ್ನು ಸೂಜಿಗಲ್ಲು ಎಳೆದುಕೊಳ್ಳುವುದನ್ನು ತೋರಿಸಿಕೊಟ್ಟನು. ಪ್ರಾಯದ ಗಂಡಸಿನ ಇಡೀ ದೇಹದಲ್ಲಿರುವ ಕಬ್ಬಿಣ ಸುಮಾರು ೩ರಿಂದ ೪ ಗ್ರಾಂ, ಅಂದರೆ ಒಂದು ಸಣ್ಣ ಮೊಳೆಯ ತೂಕದಷ್ಟು. ಅದರಲ್ಲಿ ಮೂರನೆಯ ಎರಡು ಭಾಗ ರಕ್ತದ ಕೆಂಪು ಕಣಗಳೊಳಗಿನ ಹಿಮೋಗ್ಲೋಬಿನ್ ಎಂಬ ವಸ್ತುವಿನಲ್ಲಿರುತ್ತದೆ. ಒಂದೊಂದು ಹಿಮೋಗ್ಲೋಬಿನ್ ಅಣುವಿನಲ್ಲಿಯೂ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಶ್ವಾಸಕೋಶಗಳಲ್ಲಿ ಆಮ್ಲಜನಕವನ್ನು ಹಿಡಿದು ದೇಹದ ಮೂಲೆಮೂಲೆಗೂ ಒಯ್ದು ಬಿಡುಗಡೆ ಮಾಡುವ ಕಾಯಕ ಅವುಗಳದು. ಸ್ನಾಯುಗಳಿಗೂ ಮೆದುಳಿಗೂ ಕಬ್ಬಿಣ ಬೇಕು.

ದೇಹವು ಕಬ್ಬಿಣದ ವಿಷಯದಲ್ಲಿ ಬಹು ಜಿಪುಣ. ಕೆಂಪು ಕಣವೊಂದರ ಆಯುಸ್ಸು ಸುಮಾರು ೧೨೦ ದಿನ. ಆಯುಸ್ಸು ತೀರಿದ ಕಣಗಳನ್ನು ಒಡೆದು, ಅದರ ಕಬ್ಬಿಣವನ್ನು ಮತ್ತೆ ಅಸ್ಥಿಮಜ್ಜೆಗೆ ಕಳುಹಿಸಿ ಹೊಸ ಕಣಗಳನ್ನು ಕಟ್ಟಲಾಗುತ್ತದೆ. ಹೀಗೆ ದಿನವೊಂದಕ್ಕೆ ೨೦ರಿಂದ ೨೫ ಮಿಲಿಗ್ರಾಂ ಕಬ್ಬಿಣ ಒಳಗೊಳಗೇ ಸುತ್ತುತ್ತದೆ. ಉದುರುವ ಚರ್ಮದ ಮತ್ತು ಕರುಳಿನ ಕೋಶಗಳೊಡನೆ ಹೊರಗೆ ಹೋಗುವುದು ದಿನಕ್ಕೆ ಸುಮಾರು ೧ ಮಿಲಿಗ್ರಾಂ ಮಾತ್ರ. ಆಹಾರದಿಂದ ತುಂಬಿಕೊಳ್ಳಬೇಕಾದುದು ಈ ಒಂದು ಮಿಲಿಗ್ರಾಂ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ತಿಂಗಳ ಮುಟ್ಟಿನಲ್ಲಿ ಹೋಗುವ ರಕ್ತದೊಡನೆ ಕಬ್ಬಿಣವೂ ಹೋಗುವುದರಿಂದ, ದಿನದ ಸರಾಸರಿಯಲ್ಲಿ ಅವರ ನಷ್ಟ ಗಂಡಸರ ನಷ್ಟದ ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ. ಇದರ ಮೇಲೆ ಬೆಳೆಯುವ ವಯಸ್ಸಾದರೆ ಹೊಸ ರಕ್ತ, ಹೊಸ ಸ್ನಾಯುಗಳಿಗಾಗಿ ಇನ್ನಷ್ಟು ಬೇಕು. ಗರ್ಭಿಣಿಯ ಅಗತ್ಯವಂತೂ ಹಲವು ಪಟ್ಟು ಏರುತ್ತದೆ.

ಕೊರತೆಯ ಹರವು

ರಕ್ತದಲ್ಲಿ ಹಿಮೋಗ್ಲೋಬಿನ್ ನಿಗದಿತ ಮಟ್ಟಕ್ಕಿಂತ ಇಳಿದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಗರ್ಭಿಣಿಯರಲ್ಲದ ಸ್ತ್ರೀಯರಿಗೆ ಡೆಸಿಲೀಟರಿಗೆ ೧೨ ಗ್ರಾಂ, ಪ್ರಾಯದ ಗಂಡಸರಿಗೆ ೧೩ ಗ್ರಾಂ ಈ ಮಟ್ಟ. ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ ೫೭ ಮಂದಿಯೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ ೬೭ ಮಂದಿಯೂ ರಕ್ತಹೀನರು. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಶೇಕಡಾ ೨೫. ಕರ್ನಾಟಕದ ಸ್ತ್ರೀಯರಲ್ಲಿ ಇದು ಶೇಕಡಾ ೪೭.೮, ಮಕ್ಕಳಲ್ಲಿ ಶೇಕಡಾ ೬೫.೫. ರಕ್ತಹೀನತೆಗೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಫೋಲಿಕ್ ಆಮ್ಲ, ಬಿ-೧೨ ಜೀವಸತ್ವಗಳ ಕೊರತೆಯೂ, ಕೊಕ್ಕೆಹುಳು, ಮಲೇರಿಯಾಗಳಂತಹ ಬಾಧೆಗಳೂ ಅದರಲ್ಲಿ ಸೇರಿವೆ. ಆದರೂ ಮುಖ್ಯ ಕಾರಣಗಳಲ್ಲಿ ಕಬ್ಬಿಣದ ಕೊರತೆಯದು ಅಗ್ರಸ್ಥಾನ.

ಈ ಅಂಕಿಗಳು ಶಾಲೆಯ ಕೊಠಡಿಯಲ್ಲಿ ಯಾವ ರೂಪವನ್ನು ತಾಳುತ್ತವೆಂಬುದನ್ನು ಅಧ್ಯಾಪಕರು ಬಲ್ಲರು. ಮೆಟ್ಟಿಲೇರಿದರೆ ಏದುಸಿರು ಬಿಡುವ, ಮಧ್ಯಾಹ್ನದ ಪಾಠಕ್ಕೆ ತೂಕಡಿಸುವ, ಆಟದ ಹೊತ್ತಿನಲ್ಲಿ ಗೋಡೆಗೊರಗಿ ಕೂಡುವ, ಪಾಟಿಯ ಬಳಪವನ್ನೋ ಮಣ್ಣನ್ನೋ ಕದ್ದು ತಿನ್ನುವ ಮಗುವನ್ನು ನಾವು ಸುಲಭವಾಗಿ ಸೋಮಾರಿಯೆಂದೋ ಮಂದಬುದ್ಧಿಯೆಂದೋ ಕರೆದುಬಿಡುತ್ತೇವೆ. ಅದರ ಕೆಳರೆಪ್ಪೆಯ ಒಳಮೈಯನ್ನೂ ಉಗುರಿನ ಬಣ್ಣವನ್ನೂ ಒಮ್ಮೆ ನೋಡಿದ್ದರೆ ಬೈಗುಳಕ್ಕೆ ಬದಲಾಗಿ ರಕ್ತಪರೀಕ್ಷೆಯ ಮಾತನ್ನಾಡುತ್ತಿದ್ದೆವೋ ಏನೋ. ಬೆಳೆಯುವ ವಯಸ್ಸಿನ ಕಬ್ಬಿಣದ ಕೊರತೆಯು ಗಮನಶಕ್ತಿಯನ್ನೂ ಕಲಿಕೆಯನ್ನೂ ಕುಗ್ಗಿಸುತ್ತದೆ. ಒಂಬತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದು, ಹತ್ತನೆಯ ತರಗತಿಯಲ್ಲಿ ಓದು ಬಿಟ್ಟ ಹುಡುಗಿಯರಲ್ಲಿ ಎಷ್ಟು ಮಂದಿಗೆ ಬುದ್ಧಿ ಕಡಿಮೆಯಿತ್ತು, ಎಷ್ಟು ಮಂದಿಗೆ ರಕ್ತ ಕಡಿಮೆಯಿತ್ತು ಎಂಬುದನ್ನು ಯಾರೂ ಲೆಕ್ಕ ಹಾಕಿಲ್ಲ.

ಹೀರಿಕೆಯ ರೀತಿ

೧೯೩೭ರಲ್ಲಿ ಇಂಗ್ಲೆಂಡಿನ ಮೆಕಾನ್ಸ್ ಮತ್ತು ವಿಡೋಸನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಮುಖ್ಯ ಸಂಗತಿಯನ್ನು ಎತ್ತಿ ಹೇಳಿದರು. ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಹೊರಗೆ ಹಾಕುವಂತೆ ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕುವ ದಾರಿ ದೇಹಕ್ಕೆ ಇಲ್ಲ. ಆದುದರಿಂದ ಅದು ಒಳಗೆ ಬರುವ ಬಾಗಿಲಿನಲ್ಲಿಯೇ ಕಾವಲು ನಿಂತಿದೆ. ಆ ಬಾಗಿಲು ಜಠರವನ್ನು ದಾಟಿದೊಡನೆ ಸಿಗುವ ಸಣ್ಣ ಕರುಳಿನ ಮೊದಲ ಭಾಗ. ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ರಸವು ಈ ಕಾವಲುಗಾರನಿಗೆ ಆಜ್ಞೆ ಕೊಡುತ್ತದೆಂಬುದು ೨೦೦೦ದ ಸುಮಾರಿಗೆ ತಿಳಿದುಬಂದಿತು. ದೇಹದಲ್ಲಿ ಕಬ್ಬಿಣದ ಸಂಗ್ರಹ ಸಾಕಷ್ಟಿದ್ದರೆ ಹೆಪ್ಸಿಡಿನ್ ಏರಿ ಬಾಗಿಲು ಮುಚ್ಚುತ್ತದೆ. ಸಂಗ್ರಹ ಬರಿದಾದರೆ ಅದು ಇಳಿದು ಬಾಗಿಲು ತೆರೆಯುತ್ತದೆ. ಜ್ವರ, ಸೋಂಕುಗಳಿದ್ದಾಗಲೂ ಹೆಪ್ಸಿಡಿನ್ ಏರುವುದರಿಂದ, ಪದೇ ಪದೇ ಕಾಯಿಲೆ ಬೀಳುವ ಮಗುವಿಗೆ ಒಳ್ಳೆಯ ಊಟವೂ ಪೂರ್ಣ ಫಲ ಕೊಡುವುದಿಲ್ಲ. ಶುದ್ಧ ನೀರು, ಶೌಚಗಳಿಗೂ ರಕ್ತಕ್ಕೂ ಇರುವ ಸಂಬಂಧ ಇದು.

ಬಾಗಿಲು ತೆರೆದಿದ್ದರೂ ಕಬ್ಬಿಣವು ತಕ್ಕ ರೂಪದಲ್ಲಿರಬೇಕು. ಮಾಂಸಾಹಾರದಲ್ಲಿರುವ ಕಬ್ಬಿಣದ ಒಂದು ಭಾಗ ರಕ್ತದಲ್ಲಿರುವ ರೂಪದಲ್ಲಿಯೇ ಇರುವುದರಿಂದ ಹೆಚ್ಚು ತೊಂದರೆಯಿಲ್ಲದೆ ಹೀರಲ್ಪಡುತ್ತದೆ. ಸಸ್ಯಾಹಾರಿಗಳಾದ ನಮ್ಮ ಪ್ರಸಾದದಲ್ಲಿರುವುದೆಲ್ಲ ಇನ್ನೊಂದು ಬಗೆಯದು. ಅದು ಕರಗಿದ ಸ್ಥಿತಿಯಲ್ಲಿ ಕರುಳನ್ನು ಮುಟ್ಟಬೇಕು. ದಾರಿಯಲ್ಲಿ ಬೇರೆ ವಸ್ತುಗಳೊಡನೆ ಬೆಸೆದುಕೊಂಡು ಗಟ್ಟಿಯಾಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ದಿನಕ್ಕೆ ಗಂಡಸಿಗೆ ೧೯ ಮಿಲಿಗ್ರಾಂ, ಹೆಂಗಸಿಗೆ ೨೯ ಮಿಲಿಗ್ರಾಂ ಕಬ್ಬಿಣವನ್ನು ನಿಗದಿ ಮಾಡಿರುವುದು ಈ ಕಾರಣದಿಂದಲೇ. ದೇಹಕ್ಕೆ ಬೇಕಾದುದು ಒಂದೆರಡು ಮಿಲಿಗ್ರಾಂ. ಉಣ್ಣಬೇಕಾದುದು ಅದರ ಹತ್ತಾರು ಪಟ್ಟು. ಸಸ್ಯಾಹಾರದಿಂದ ರಕ್ತ ತುಂಬಲಾರದೆಂದು ಇದರ ಅರ್ಥವಲ್ಲ. ಸಸ್ಯಾಹಾರಿಯು ಊಟದ ಜೋಡಣೆಯಲ್ಲಿ ಹೆಚ್ಚು ಜಾಣನಾಗಿರಬೇಕೆಂದು ಅರ್ಥ.

ತಡೆಯುವ ವಸ್ತುಗಳು

ಮೊದಲನೆಯ ತಡೆ ಧಾನ್ಯ ಮತ್ತು ಕಾಳುಗಳಲ್ಲಿಯೇ ಇದೆ. ಬೀಜವು ಮೊಳೆಯುವಾಗ ಬೇಕಾಗುವ ರಂಜಕವನ್ನು ಫೈಟೇಟ್ ಎಂಬ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಈ ಫೈಟೇಟು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೪.೬ ಮಿಲಿಗ್ರಾಂ, ಜೋಳದಲ್ಲಿ ಸುಮಾರು ೪, ಸಜ್ಜೆಯಲ್ಲಿ ೬.೪, ಹುರುಳಿಯಲ್ಲಿ ೮.೮ ಮಿಲಿಗ್ರಾಂ ಕಬ್ಬಿಣವುಂಟು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಆದರೆ ರಾಗಿ, ಜೋಳಗಳಲ್ಲಿ ಫೈಟೇಟೂ ಒಗರಿನ ಅಂಶವೂ ಜೊತೆಗಿರುವುದರಿಂದ ಆ ಕಬ್ಬಿಣವೆಲ್ಲ ಸುಲಭವಾಗಿ ಕೈಗೆ ಸಿಗುವುದಿಲ್ಲ.

ಎರಡನೆಯ ತಡೆ ಚಹಾ ಮತ್ತು ಕಾಫಿ. ಅವುಗಳ ಒಗರು, ಅಂದರೆ ಟ್ಯಾನಿನ್ ಮತ್ತು ಅದರ ಬಂಧುವರ್ಗದ ವಸ್ತುಗಳು, ಕಬ್ಬಿಣದೊಡನೆ ಸೇರಿ ಕರಗದ ಕಪ್ಪು ಸಂಯುಕ್ತವಾಗುತ್ತವೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಅಂಶವನ್ನು ಕೂಡಿಸಿ ಮಸಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಊಟದೊಡನೆ ಚಹಾ ಕುಡಿದಾಗ ಹೊಟ್ಟೆಯೊಳಗೆ ನಡೆಯುವುದೂ ಮಸಿ ಮಾಡುವ ಕೆಲಸವೇ. ೧೯೮೩ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಊಟದೊಡನೆ ಕುಡಿದ ಒಂದು ಬಟ್ಟಲು ಕಾಫಿಯು ಕಬ್ಬಿಣದ ಹೀರಿಕೆಯನ್ನು ಶೇಕಡಾ ೩೯ರಷ್ಟೂ, ಚಹಾವು ಶೇಕಡಾ ೬೪ರಷ್ಟೂ ತಗ್ಗಿಸಿದುವು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಯಾವ ಕುಂದೂ ಆಗಲಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದ ಕಾಫಿಯಾದರೋ ಊಟದೊಡನೆ ಕುಡಿದಷ್ಟೇ ಕೆಡುಕು ಮಾಡಿತು. ಊಟ ಕರುಳಿನಲ್ಲಿರುವ ತನಕ ಅಪಾಯವಿದ್ದೇ ಇದೆಯೆಂದು ಇದರಿಂದ ತಿಳಿಯಬೇಕು. ಬೆಂಗಳೂರಿನ ಸಂತ ಜಾನ್ ಸಂಶೋಧನಾ ಸಂಸ್ಥೆಯವರು ತರುಣಿಯರ ಮೇಲೆ ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮದೇ ಅಕ್ಕಿಯ ಊಟದಲ್ಲಿಯೂ ಚಹಾದ ಈ ಗುಣವನ್ನು ಸ್ಥಿರಪಡಿಸಿತು. ರಕ್ತಹೀನೆಯರ ದೇಹವು ಹೆಚ್ಚು ಕಬ್ಬಿಣವನ್ನು ಹೀರಲು ಹವಣಿಸಿದರೂ ಚಹಾವು ಅವರನ್ನೂ ಬಿಡಲಿಲ್ಲ.

ಮೂರನೆಯದು ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ. ಹಾಲು ಮಕ್ಕಳಿಗೆ ಅವಶ್ಯ. ಬಿ-೧೨ ಜೀವಸತ್ವಕ್ಕೆ ಸಸ್ಯಾಹಾರಿಗಳಿಗೆ ಹಾಲು ಮೊಸರುಗಳೇ ಮುಖ್ಯ ಆಧಾರ. ಆದರೆ ಕಬ್ಬಿಣವಿರುವ ಊಟದೊಡನೆಯೇ ಒಂದು ಲೋಟ ಹಾಲನ್ನು ಕುಡಿದರೆ ಆ ಊಟದ ಕಬ್ಬಿಣದ ಹೀರಿಕೆ ಕುಗ್ಗುತ್ತದೆ. ಆದುದರಿಂದ ಹಾಲನ್ನು ಬಿಡಬೇಕಾಗಿಲ್ಲ. ಅದರ ವೇಳೆಯನ್ನು ಬದಲಿಸಬೇಕು. ೨೦೧೩ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನು ಊಟದ ಹೊತ್ತಿನಿಂದ ದೂರವಾಗಿ, ಬೆಳಗಿನಲ್ಲಿ ಕೊಡುವುದು ಈ ದೃಷ್ಟಿಯಿಂದಲೂ ಉಚಿತವೇ.

ನೆರವಾಗುವ ವಸ್ತುಗಳು

ಈ ಎಲ್ಲ ತಡೆಗಳಿಗೂ ಉತ್ತರವಾಗಿ ನಿಲ್ಲುವ ವಸ್ತು ಸಿ ಜೀವಸತ್ವ. ಅದು ಕಬ್ಬಿಣವನ್ನು ಹೀರಲು ಅನುಕೂಲವಾದ ರೂಪಕ್ಕೆ ತಿರುಗಿಸುತ್ತದೆ. ಫೈಟೇಟು, ಒಗರುಗಳ ಹಿಡಿತಕ್ಕೆ ಸಿಗದಂತೆ ಕರಗಿದ ಸ್ಥಿತಿಯಲ್ಲಿಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮಂತಹ ವಿದ್ಯಾಸಂಸ್ಥೆಗಳಿಗೆ ಬಹು ಹತ್ತಿರದ್ದು. ಸರ್ಕಾರಿ ವಸತಿ ಶಾಲೆಗಳಲ್ಲಿದ್ದ ೧೩ರಿಂದ ೧೫ ವಯಸ್ಸಿನ ಹುಡುಗ ಹುಡುಗಿಯರಿಗೆ ಒಂದು ದಿನ ಬರಿಯ ಅನ್ನದ ಊಟವನ್ನೂ, ಮರುದಿನ ಅದೇ ಊಟದೊಡನೆ ೧೦೦ ಗ್ರಾಂ ಸೀಬೆಹಣ್ಣನ್ನೂ ಕೊಟ್ಟು ಅಳೆದಾಗ, ಹಣ್ಣಿನ ಊಟದಲ್ಲಿ ಕಬ್ಬಿಣದ ಹೀರಿಕೆ ಎರಡು ಪಟ್ಟಿಗೂ ಮಿಕ್ಕಿತು. ಯಾವ ಔಷಧವನ್ನೂ ಸೇರಿಸಿರಲಿಲ್ಲ. ಸೇರಿಸಿದುದು ಹಿತ್ತಿಲಲ್ಲಿ ಬೆಳೆಯುವ ಒಂದು ಹಣ್ಣು.

ಉತ್ತರ ಕರ್ನಾಟಕದಲ್ಲಿ ಪೇರಲವೆನ್ನುವ ಈ ಸೀಬೆಯ ನೂರು ಗ್ರಾಮಿನಲ್ಲಿ ಸಿ ಜೀವಸತ್ವ ೨೦೦ ಮಿಲಿಗ್ರಾಮಿಗೂ ಹೆಚ್ಚು; ಬೆಟ್ಟದ ನೆಲ್ಲಿಕಾಯಿಯಲ್ಲಿ ಸುಮಾರು ೨೫೦; ನುಗ್ಗೆಸೊಪ್ಪಿನಲ್ಲಿ ೧೦೦ಕ್ಕೂ ಮೇಲೆ. ನಿಂಬೆರಸದಲ್ಲಿ ೫೦ರ ಸಮೀಪ. ಆದರೆ ಈ ಜೀವಸತ್ವ ಬೆಂಕಿಯನ್ನು ತಾಳಲಾರದು. ಕುದಿಯುವ ಸಾರಿಗೆ ಹಿಂಡಿದ ನಿಂಬೆ ರುಚಿಗೆ ಉಳಿದರೂ ರಕ್ತಕ್ಕೆ ಅಷ್ಟಾಗಿ ಒದಗದು. ಒಲೆಯಿಂದ ಇಳಿಸಿ, ಉಣ್ಣುವ ಮುನ್ನ ಹಿಂಡಬೇಕು. ನೆನೆಸಿದ ಹೆಸರುಬೇಳೆಗೆ ಕೊತ್ತಂಬರಿ, ನಿಂಬೆರಸ ಸೇರಿಸಿ ಮಾಡುವ ಕೋಸಂಬರಿಯೂ, ರೊಟ್ಟಿಯ ಪಕ್ಕದಲ್ಲಿ ಹಸಿಯಾಗಿ ತಿನ್ನುವ ಮೆಂತ್ಯ, ಹಕ್ಕರಕಿ, ಸೌತೆಕಾಯಿಯ ಪಚಡಿಯೂ ಈ ದೃಷ್ಟಿಯಿಂದ ಬಹು ಬೆಲೆಯುಳ್ಳವು. ಅಲಂಕಾರಕ್ಕೆ ಬಡಿಸಿದವೆಂದು ಅವನ್ನು ಎಲೆಯ ಅಂಚಿಗೆ ಸರಿಸಬಾರದು.

ಎರಡನೆಯ ನೆರವು ನೆನೆಸುವಿಕೆ, ಮೊಳಕೆ ಮತ್ತು ಹುಳಿಬರಿಸುವಿಕೆ. ಕಾಳು ಮೊಳೆಯುವಾಗ ಫೈಟೇಟನ್ನು ತಾನೇ ಒಡೆದುಕೊಳ್ಳುತ್ತದೆ. ಜೊತೆಗೆ ಸಿ ಜೀವಸತ್ವವನ್ನು ಹೊಸದಾಗಿ ಹುಟ್ಟಿಸಿಕೊಳ್ಳುತ್ತದೆ. ಮಡಿಕೆ, ಹೆಸರು, ಹುರುಳಿಗಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಉಸುಳಿ ಮಾಡುವುದು ನಮ್ಮ ಅಜ್ಜಿಯರು ಕಂಡುಕೊಂಡ ವಿದ್ಯೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನ ಅಂಬಲಿಯೂ ಇದೇ ಜಾತಿಗೆ ಸೇರಿದುದು. ಇಡ್ಲಿ, ದೋಸೆಗಳ ಹಿಟ್ಟು ಹುಳಿಬಂದಾಗಲೂ ಫೈಟೇಟು ಕುಗ್ಗುತ್ತದೆ.

ಮೂರನೆಯದು ಈರುಳ್ಳಿ, ಬೆಳ್ಳುಳ್ಳಿ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ೨೦೧೦ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಧಾನ್ಯ ಮತ್ತು ಕಾಳುಗಳೊಡನೆ ಇವು ಸೇರಿದಾಗ ಹೀರಿಕೆಗೆ ಒದಗುವ ಕಬ್ಬಿಣದ ಪಾಲು ಹೆಚ್ಚುವುದು ಕಂಡುಬಂದಿತು. ಇದು ಪ್ರಯೋಗಶಾಲೆಯ ಪಾತ್ರೆಗಳಲ್ಲಿ ಮಾಡಿದ ಪರೀಕ್ಷೆಯೇ ಹೊರತು ಮನುಷ್ಯರ ಮೇಲೆ ಮಾಡಿದುದಲ್ಲವೆಂಬುದನ್ನು ನೆನಪಿಡಬೇಕು. ಆದರೂ ರೊಟ್ಟಿಯೊಡನೆ ಹಸಿ ಉಳ್ಳಾಗಡ್ಡಿ ಕಡಿಯುವ ನಮ್ಮ ರೈತನ ರೂಢಿ ಬರಿಯ ನಾಲಗೆಯ ಚಪಲವಲ್ಲವೆಂಬುದಕ್ಕೆ ಇದೊಂದು ಸೂಚನೆ.

ನಾಲ್ಕನೆಯದು ಕಬ್ಬಿಣದ ಪಾತ್ರೆ. ಹುಳಿ ಸೇರಿದ ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಪಾತ್ರೆಯ ಕಬ್ಬಿಣವೇ ಅಷ್ಟಿಷ್ಟು ಕರಗಿ ಅಡುಗೆಗೆ ಸೇರುತ್ತದೆ. ಇಥಿಯೋಪಿಯಾದಲ್ಲಿ ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಯೂಮಿನಿಯಂ ಪಾತ್ರೆಯ ಅಡುಗೆಯನ್ನುಂಡ ಮಕ್ಕಳಿಗಿಂತ ಕಬ್ಬಿಣದ ಪಾತ್ರೆಯ ಅಡುಗೆಯನ್ನುಂಡ ಮಕ್ಕಳ ರಕ್ತ ಚೆನ್ನಾಗಿ ಸುಧಾರಿಸಿತು. ಹಗುರವೆಂದು, ಹೊಳಪೆಂದು ನಾವು ಅಟ್ಟಕ್ಕೇರಿಸಿದ ಬಾಣಲೆಯನ್ನು ಮತ್ತೆ ಕೆಳಗಿಳಿಸಬಹುದು. ಬೇಯಿಸಿದ ಮೇಲೆ ಪದಾರ್ಥವನ್ನು ಬೇರೆ ಪಾತ್ರೆಗೆ ತೆಗೆದಿಡುವುದು ಲೇಸು.

ಕೆಲವು ತಪ್ಪು ನಂಬಿಕೆಗಳು

ಕೆಂಪಾಗಿರುವುದೆಲ್ಲ ರಕ್ತವಾಗುತ್ತದೆಂಬ ನಂಬಿಕೆಯಿಂದ ಬೀಟ್‌ರೂಟಿನ ರಸವನ್ನು ಕುಡಿಯುವವರಿದ್ದಾರೆ. ಅದರ ಕೆಂಪು ಬೇರೆ, ಹಿಮೋಗ್ಲೋಬಿನ್ನಿನ ಕೆಂಪು ಬೇರೆ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬೆಲ್ಲವು ಸಕ್ಕರೆಗಿಂತ ಮೇಲೆಂಬುದು ದಿಟ. ಆದರೆ ನೂರು ಗ್ರಾಮಿನಲ್ಲಿ ನಾಲ್ಕೈದು ಮಿಲಿಗ್ರಾಂ ಕಬ್ಬಿಣವಿರುವ ಬೆಲ್ಲದಲ್ಲಿ ನಾವು ತಿನ್ನುವ ಒಂದು ಸಣ್ಣ ತುಂಡಿನಿಂದ ದೊರೆಯುವುದು ಅರ್ಧ ಮಿಲಿಗ್ರಾಮಿಗಿಂತ ಕಡಿಮೆ. ಬೆಲ್ಲವನ್ನೇ ನಂಬಿ ಕಾಳು, ಸೊಪ್ಪುಗಳನ್ನು ಮರೆಯಬಾರದು.

ಒಂದು ಊಟದ ಲೆಕ್ಕ

ಪ್ರಸಾದನಿಲಯದ ಒಂದು ಹೊತ್ತಿನ ಊಟವನ್ನು ತೆಗೆದುಕೊಳ್ಳೋಣ. ನೂರು ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಿಂದ ಸುಮಾರು ೪ ಮಿಲಿಗ್ರಾಂ, ಮೂವತ್ತು ಗ್ರಾಂ ಹುರುಳಿಯಿಂದ ಎರಡೂವರೆ, ನೂರು ಗ್ರಾಂ ದಂಟಿನ ಸೊಪ್ಪಿನಿಂದ ನಾಲ್ಕೂವರೆ, ಒಟ್ಟು ೧೧ ಮಿಲಿಗ್ರಾಂ ಕಬ್ಬಿಣ ಎಲೆಗೆ ಬಂದಿತು. ಶೇಕಡಾ ಐದರಂತೆ ಹೀರಿಕೆಯಾದರೆ ಮೈಗೆ ಹತ್ತಿದುದು ಅರ್ಧ ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು. ಊಟವಾದೊಡನೆ ಚಹಾ ಕುಡಿದರೆ ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಕಳೆದುಹೋಯಿತು. ಅದೇ ಊಟದಲ್ಲಿ ಹುರುಳಿಯನ್ನು ಮೊಳಕೆ ಬರಿಸಿ, ಚಹಾವನ್ನು ಸಂಜೆಗೆ ಸರಿಸಿ, ಅರ್ಧ ಪೇರಲಹಣ್ಣನ್ನು ಜೊತೆಗಿಟ್ಟು, ಹೀರಿಕೆಯನ್ನು ಶೇಕಡಾ ಹತ್ತಕ್ಕೆ ಏರಿಸಿದರೆ ಒಂದು ಮಿಲಿಗ್ರಾಮಿಗೂ ಮೇಲೆ ದೊರೆಯಿತು. ಅಡುಗೆಮನೆಯ ಖರ್ಚು ಹೆಚ್ಚುಕಡಿಮೆ ಒಂದೇ. ಫಲದಲ್ಲಿ ನಾಲ್ಕು ಪಟ್ಟಿನ ಅಂತರ.

ಆಹಾರದ ಮೇರೆ

ಆಹಾರವು ಕೊರತೆಯನ್ನು ತಡೆಯಬಲ್ಲುದು. ಆಗಲೇ ಆಳಕ್ಕಿಳಿದ ಕೊರತೆಯನ್ನು ಅದೊಂದೇ ತುಂಬಲಾರದು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಹೇಳಿದಂತೆ ಮಾತ್ರೆಗಳನ್ನು ಸೇವಿಸಲೇಬೇಕು. ೨೦೧೮ರಲ್ಲಿ ಆರಂಭವಾದ 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮದ ಮೇರೆಗೆ ಹದಿಹರೆಯದವರಿಗೆ ವಾರಕ್ಕೊಂದರಂತೆ ೬೦ ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲವಿರುವ ನೀಲಿ ಮಾತ್ರೆ ನಿಗದಿಯಾಗಿದೆ. ಮಲ ಕಪ್ಪಾಯಿತೆಂದೋ ಹೊಟ್ಟೆ ತೊಳಸಿತೆಂದೋ ಅದನ್ನು ಕಿಟಕಿಯಿಂದಾಚೆಗೆ ಎಸೆಯಬಾರದು. ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ, ಅದರಿಂದ ಹಾನಿಯಿಲ್ಲ. ಹೊಟ್ಟೆ ಕೆಟ್ಟರೆ ಊಟದ ನಂತರ ಸೇವಿಸಬಹುದು; ಚಹಾ ಮತ್ತು ಹಾಲಿನೊಡನೆ ಮಾತ್ರ ನುಂಗಬಾರದು. ಬರಿಗಾಲಿನಲ್ಲಿ ಹೊಲಸು ನೆಲವನ್ನು ತುಳಿದಾಗ ಚರ್ಮವನ್ನು ತೂರಿ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳುವಿಗೆ ಜಂತುನಾಶಕ ಮಾತ್ರೆಯೂ ಪಾದರಕ್ಷೆಯೂ ಶೌಚಾಲಯವೂ ಬೇಕು. ಥಲಸ್ಸೀಮಿಯಾದಂತಹ ಕಾಯಿಲೆಗಳಲ್ಲಿ ಕಬ್ಬಿಣ ಮಿತಿಮೀರುವ ಭಯವಿರುವುದರಿಂದ ಪರೀಕ್ಷೆಯಿಲ್ಲದೆ ತಾವೇ ಚಿಕಿತ್ಸೆಯ ಪ್ರಮಾಣದ ಮಾತ್ರೆಗಳನ್ನು ಕೊಂಡು ತಿನ್ನುವುದೂ ತರವಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮ ಬಹುಪಾಲು ಮನೆಗಳಲ್ಲಿ ಗಂಡಸರೂ ಗಂಡುಮಕ್ಕಳೂ ಉಂಡೆದ್ದ ಮೇಲೆ ಹೆಂಗಸರು ಕೂಡುತ್ತಾರೆ. ಅಷ್ಟರಲ್ಲಿ ಕಾಳಿನ ಪಲ್ಯ ತೀರಿ, ಸೊಪ್ಪು ತಳ ಹತ್ತಿ, ಉಳಿದಿರುವುದು ಅನ್ನ ಮತ್ತು ತಿಳಿಸಾರು. ಹತ್ತೊಂಬತ್ತು ಮಿಲಿಗ್ರಾಂ ಸಾಕಾದವರು ಮೊದಲು ಉಣ್ಣುತ್ತಾರೆ. ಇಪ್ಪತ್ತೊಂಬತ್ತು ಬೇಕಾದವರು ಕೊನೆಗೆ ಉಣ್ಣುತ್ತಾರೆ. ಹೆಣ್ಣು ಗಂಡೆಂಬ ಭೇದವನ್ನೆಣಿಸದೆ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದನ್ನು ಕಲಿಸುವ ದಾಸೋಹದ ಪರಂಪರೆ ನಮ್ಮದು. ಆ ಪಂಕ್ತಿಯನ್ನು ಮಠದಿಂದ ಮನೆಗೂ ಒಯ್ಯುವುದು ಈ ಶಾಲೆಯ ವಿದ್ಯಾರ್ಥಿಗಳಿಂದ ಆಗಬೇಕಾದ ಕೆಲಸ. ಬಡಿಸುವ ಕೈಗೂ ಮೊದಲ ತುತ್ತಿನಲ್ಲಿ ಪಾಲು ದೊರೆತಾಗಲೇ ಉಂಡ ಕಬ್ಬಿಣ ಇಡೀ ಮನೆಗೆ ಹತ್ತೀತು.